ಸೊನೆಯ ಗುಣ ದೊಡ್ಡದು, ಜಾಡಿ ತೊಳೆಯುವ ಕೆಲಸ ನಿಮ್ಮದು



ಅಪ್ಪೆಮಿಡಿಯ ಕಾಲ ಬಂತೆಂದರೆ ಸೊರಬ, ಸಾಗರ, ಶಿಕಾರಿಪುರದ ಕಡೆಯ ಮನೆಗಳಲ್ಲಿ ಜಾಡಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಬಳ್ಳಿಗಾವಿಯ ಕೇದಾರೇಶ್ವರನ ಗುಡಿಗೆ ಬರುವ ಯಾತ್ರಿಕರಿಗೂ ಉಪ್ಪಿನಕಾಯಿ ಮಾರಬಾರದೇಕೆ ಎಂದು ಯೋಚಿಸುವವರು ನಿಮ್ಮಲ್ಲಿ ಇರಬಹುದು. ಯೋಚನೆ ಒಳ್ಳೆಯದೇ. ಆದರೆ "ಗಿರಾಕಿಗಳು ಉಪ್ಪು ಕಡಿಮೆ ಕೇಳುತ್ತಾರೆ, ನಾಲ್ಕು ಹನಿ ಲವಂಗದೆಣ್ಣೆ ಬಿಟ್ಟರೆ ಸಾಕು" ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಸಸ್ಯತೈಲಗಳಲ್ಲಿ ಶಕ್ತಿ ಇಲ್ಲವೆಂದಲ್ಲ. ಮಿಡಿಯನ್ನು ತೊಟ್ಟುಸಮೇತ ಕೊಯ್ದು ಸೊನೆ ಸೋರದಂತೆ ನೋಡಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಸೊನೆಯನ್ನು ಸೀಸೆಯಲ್ಲಿ ಹಿಡಿದಿಟ್ಟರೆ ಮೇಲೆ ಎಣ್ಣೆ, ಕೆಳಗೆ ನೀರಿನಂಥ ಭಾಗ ಬೇರೆಯಾಗುತ್ತವೆ. ಜೀರಿಗೆ ಮಿಡಿಗೆ ಜೀರಿಗೆಯ ಕಂಪು, ಮತ್ತೊಂದಕ್ಕೆ ಕರ್ಪೂರದ ಕಂಪು ಬರುವುದು ಇಂಥ ಎಣ್ಣೆಯಂಶದಿಂದಲೇ. ಮಾವಿನ ಸೊನೆಗೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವಿದೆಯೆಂದು ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಲವಂಗದ ಯೂಜಿನಾಲ್, ಓಮದ ಥೈಮಾಲ್ ಸಹ ಇದೇ ಜಾತಿಯ ಕೆಲಸಗಾರರು. ಅವು ಬ್ಯಾಕ್ಟೀರಿಯಾದ ಹೊರಪೊರೆಯೊಳಗೆ ಸೇರಿ ಅದನ್ನು ಸಡಿಲಗೊಳಿಸುತ್ತವೆ. ಒಳಗಿನ ಸಾರ ಸೋರಿಹೋಗುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಪ್ರಯೋಗಾಲಯದ ತಟ್ಟೆ ಬೇರೆ, ನಿಮ್ಮ ಜಾಡಿ ಬೇರೆ. ಆಹಾರದಲ್ಲಿ ಎಳ್ಳೆಣ್ಣೆಯೋ ಬೇರೆ ಕೊಬ್ಬೋ ಇದ್ದರೆ ಲವಂಗದೆಣ್ಣೆ ಅದರಲ್ಲಿ ಕರಗಿಬಿಡುತ್ತದೆ. ಬ್ಯಾಕ್ಟೀರಿಯಾ ವಾಸಿಸುವ ನೀರಿನಂಶಕ್ಕೆ ಸಿಗುವುದು ಅಲ್ಪ. ಪ್ರಮಾಣ ಹೆಚ್ಚಿಸಿದಿರೋ, ಉಪ್ಪಿನಕಾಯಿ ಹಲ್ಲುನೋವಿನ ಔಷಧದಂತೆ ನಾರುತ್ತದೆ. ಅಲ್ಲದೆ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದವುಗಳಿಗೆ ಇನ್ನೊಂದು ಪೊರೆಯ ರಕ್ಷಣೆಯೂ ಇರುವುದರಿಂದ ಅವು ಬೇಗ ಬಗ್ಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಲೋಳೆ. ಸರಿಯಾಗಿ ತಿಕ್ಕದ ಪಾತ್ರೆಯ ಒಳಮೈಗೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು, ತಮ್ಮ ಸುತ್ತ ತಾವೇ ಲೋಳೆಯ ಗೂಡು ಕಟ್ಟಿಕೊಳ್ಳುತ್ತವೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಎಣ್ಣೆ ಗೂಡಿನೊಳಗಿನವನ್ನು ಮುಟ್ಟದೆಯೂ ಹೋಗಬಹುದು. ಡೇರಿಗೆ ಹಾಲು ಒಯ್ಯುವ ಕ್ಯಾನಿನ ಮುಚ್ಚಳದ ಸಂದಿನಲ್ಲಿಯೂ ಇದೇ ಕಥೆ. ಗೀರು ಬಿದ್ದ ಪ್ಲಾಸ್ಟಿಕ್ ಡ್ರಮ್ಮಂತೂ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಂಥದ್ದರಲ್ಲಿ ಮಿಡಿ ಹಾಕಲೇಬೇಡಿ.

ಉಪ್ಪನ್ನೇ ಮುಖ್ಯ ಸಂರಕ್ಷಕವಾಗಿ ಬಳಸುವ ಉಪ್ಪಿನಕಾಯಿಯಲ್ಲಿ ಅದು ಶೇಕಡ 12ಕ್ಕಿಂತ ಕಡಿಮೆ ಇರಕೂಡದೆಂದು 2011ರ ಆಹಾರ ಸುರಕ್ಷತಾ ನಿಯಮಗಳು ಹೇಳಿದವು. ಉಪ್ಪು ಬೇಡವೆನ್ನುವ ಗಿರಾಕಿಗೆ ಒಂದು ಮಿಡಿಯ ಬದಲು ಅರ್ಧ ಮಿಡಿ ಬಡಿಸಿಕೊಳ್ಳಲು ಹೇಳಿ. ಅದರಿಂದ ನಿಮಗೇನೂ ನಷ್ಟವಿಲ್ಲ.

ಜಾಡಿಯನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ, ಕುದಿನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿರಿ. ತಿಕ್ಕಿದ ಮೇಲೆ ಒಳಮೈಯ ಮೇಲೆ ಬೆರಳಾಡಿಸಿ ನೋಡಿ. ಬೆರಳು ಜಾರಿದರೆ ಲೋಳೆ ಹೋಗಿಲ್ಲವೆಂದೇ ಅರ್ಥ, ಮತ್ತೊಮ್ಮೆ ತಿಕ್ಕಿರಿ.