ಚರ್ಮದ ಕ್ಯಾನ್ಸರ್ ಕೋಶಗಳ ಸೂಕ್ಷ್ಮ ಚೀಲಗಳು: ಚಿಕಿತ್ಸಾ ನೆರವಿನ ಅರ್ಜಿದಾರರಿಗೆ ಮಾಹಿತಿ

ಕೇವಲ ರಕ್ತ ಪರೀಕ್ಷೆಯಿಂದ ಕ್ಯಾನ್ಸರ್ ಪತ್ತೆ ಮಾಡಬಹುದೆಂಬ ವರದಿಗಳು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಪ್ರಕಟವಾಗುತ್ತಿವೆ. ಇವುಗಳಲ್ಲಿ ಕೆಲವಕ್ಕೆ ಆಧಾರ, ಕೋಶಗಳು ಹೊರಬಿಡುವ ‘ಎಕ್ಸೋಸೋಮ್’ ಎಂಬ ಸೂಕ್ಷ್ಮ ಚೀಲಗಳು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ಸಂಶೋಧನೆ ಬಹಳಷ್ಟು ನಡೆದಿರುವುದರಿಂದ, ಮೈಸೂರು ನಗರದ ಅರ್ಜಿದಾರರು ಅದರ ನಿಜಸ್ಥಿತಿಯನ್ನು ಅರಿಯುವುದು ಸೂಕ್ತ.

ಈ ಚೀಲಗಳ ವ್ಯಾಸ ಸುಮಾರು 30ರಿಂದ 150 ನ್ಯಾನೋಮೀಟರ್. ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. 1983ರಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಗುರುತಿಸಿದ ನಂತರ ಬಹುಕಾಲ, ಬೇಡವಾದುದನ್ನು ಹೊರಹಾಕುವ ಏರ್ಪಾಡೆಂದೇ ಭಾವಿಸಲಾಗಿತ್ತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಇವುಗಳೊಳಗಿನ ಆರ್‌ಎನ್‌ಎ ಬೇರೊಂದು ಕೋಶವನ್ನು ಸೇರಿ ಅಲ್ಲಿ ಕಾರ್ಯ ನಡೆಸುವುದನ್ನು ತೋರಿಸಿದರು. ಕಸವೆಂದು ಬದಿಗಿರಿಸಿದ್ದು ರವಾನೆಯ ಸರಕಾಗಿತ್ತು.

ಮೆಲನೋಮ ಕೋಶಗಳ ಚೀಲಗಳಲ್ಲಿ ಪ್ರೋಟೀನು, ಕೊಬ್ಬು, ಆರ್‌ಎನ್‌ಎ ಮತ್ತು ಡಿಎನ್‌ಎ ತುಣುಕುಗಳು ಇರುತ್ತವೆ. ಇವುಗಳಲ್ಲಿನ ‘ಮೆಟ್’ ಪ್ರೋಟೀನು ಮೂಳೆಮಜ್ಜೆಯ ಕೋಶಗಳ ಸ್ವಭಾವವನ್ನೇ ಬದಲಿಸಿ ರೋಗ ಹರಡಲು ಅನುವು ಮಾಡಿಕೊಡುವುದು 2012ರಲ್ಲಿ ಇಲಿಗಳ ಮೇಲಿನ ಅಧ್ಯಯನದಿಂದ ತಿಳಿಯಿತು. 2018ರ ಸಂಶೋಧನೆ ಇನ್ನೂ ಮಹತ್ವದ್ದು: ಚೀಲಗಳ ಮೇಲ್ಮೈಯಲ್ಲಿರುವ ‘ಪಿಡಿ-ಎಲ್1’ ಪ್ರೋಟೀನು ದೇಹದ ರಕ್ಷಕ ಕೋಶಗಳನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುತ್ತದೆ. ದುಬಾರಿಯಾದ ಪೆಂಬ್ರೋಲಿಜುಮ್ಯಾಬ್ ಔಷಧಿ ಯಾರಿಗೆ ಫಲಿಸೀತೆಂಬುದನ್ನು ಇದರ ಪ್ರಮಾಣದಿಂದ ಮೊದಲೇ ಅಂದಾಜಿಸುವ ಪ್ರಯತ್ನ ನಡೆದಿದೆ.

ಆದರೆ ಆರೋಗ್ಯವಂತ ಕೋಶಗಳೂ ಇಂತಹ ಚೀಲಗಳನ್ನು ಬಿಡುತ್ತವೆ. ರಕ್ತದಲ್ಲಿ ಯಾವುದು ಯಾರದೆಂದು ಬೇರ್ಪಡಿಸುವುದು ಕಷ್ಟಸಾಧ್ಯ. ಆದ್ದರಿಂದ ಮೆಲನೋಮ ದೃಢೀಕರಣಕ್ಕೆ ಇಂದಿಗೂ ಬಯಾಪ್ಸಿಯೇ ಆಧಾರ. ರಕ್ತ ಪರೀಕ್ಷೆಯ ನಿರೀಕ್ಷೆಯಲ್ಲಿ ಅದನ್ನು ಮುಂದೂಡುವುದು ಅಪಾಯಕರ. ನಮ್ಮವರಲ್ಲಿ ಈ ರೋಗ ಹೆಚ್ಚಾಗಿ ಅಂಗಾಲು, ಅಂಗೈ ಮತ್ತು ಉಗುರಿನಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗಾಯವೆಂದೋ ಆಣಿಯೆಂದೋ ಕಡೆಗಣಿಸುವುದರಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಕಲೆ ಹಿಗ್ಗಿದಲ್ಲಿ, ಬಣ್ಣ ಬದಲಾದಲ್ಲಿ ಅಥವಾ ರಕ್ತ ಒಸರಿದಲ್ಲಿ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿಕೊಳ್ಳತಕ್ಕದ್ದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯ. ಇತರರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಅರ್ಜಿದಾರರು ಆಧಾರ್ ಮತ್ತು ಪಡಿತರ ಚೀಟಿಯೊಡನೆ ಬಯಾಪ್ಸಿ ವರದಿಯ ಮೂಲ ಪ್ರತಿಯನ್ನೂ ಜೊತೆಯಲ್ಲಿ ತರುವುದು.