ಐಹೊಳೆಯ ಕಲ್ಲೂ ನಮ್ಮ ವಾರದ ರಜೆಯೂ

ಮುಂಬಯಿಗೆ ಬಂದು ಇಪ್ಪತ್ತು ಮೂವತ್ತು ವರ್ಷ ಕಳೆದ ನಮ್ಮ ಬಂಧುಗಳನ್ನು ನಿಲ್ಲಿಸಿ ಕೇಳಿ ನೋಡಿ. ಚೌಪಾಟಿ ನೋಡಿದ್ದೀರಾ? ನೋಡಿದ್ದೇವೆ. ಗೇಟ್‌ವೇ? ಊರಿನಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇವೆ. ಆ ಗೇಟ್‌ವೇಯ ಸಮೀಪದಲ್ಲಿಯೇ, ತೋಟದ ನಡುವೆ, ದೊಡ್ಡ ಗುಮ್ಮಟ ಹೊತ್ತು ನಿಂತಿರುವ ಕಟ್ಟಡದ ಒಳಗೆ ಕಾಲಿಟ್ಟಿದ್ದೀರಾ? ಇಲ್ಲಿಗೆ ಉತ್ತರ ನಿಂತುಹೋಗುತ್ತದೆ. ಬಂದರೂ, “ಅದು ಓದಿದವರ ಜಾಗ, ನಮಗೇನು ಕೆಲಸ ಅಲ್ಲಿ?” ಎಂಬ ಮಾತಾಗಿ ಬರುತ್ತದೆ.

ಆ ಕಟ್ಟಡವೇ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಹಳಬರ ಬಾಯಲ್ಲಿ ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು ಬಿದ್ದು, 1914ರ ಹೊತ್ತಿಗೆ ಕಟ್ಟಡವೆದ್ದು, ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿ, ಕೊನೆಗೆ 1922ರ ಜನವರಿಯಲ್ಲಿ ಜನರಿಗೆ ತೆರೆಯಿತು. ಹೆಸರು ಬದಲಾದದ್ದು 1998ರಲ್ಲಿ. ಗೋಡೆಯ ಕಲ್ಲು ಕುರ್ಲಾದ್ದು, ಮಲಾಡಿನದು. ಗುಮ್ಮಟ ಬಿಜಾಪುರದ ಗೋಲಗುಮ್ಮಟದ ಮಾದರಿಯದೆಂದು ಬಲ್ಲವರು ಹೇಳುತ್ತಾರೆ. ಹೊರಗಿನಿಂದಲೇ ಇಷ್ಟು ನಮ್ಮದಾಯಿತು. ಒಳಗಿರುವುದು ಇನ್ನೂ ಹೆಚ್ಚಿನದು.

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಆರು ಮಂದಿ ಸದಸ್ಯರನ್ನು ಕಟ್ಟಿಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಅವರಲ್ಲಿ ಮೂವರು ಹೋಟೆಲ್ ಕೆಲಸದವರು, ಒಬ್ಬರು ಗಿರಣಿಯಿಂದ ಹೊರಬಿದ್ದು ಈಗ ವಾಚ್‌ಮನ್ ಆಗಿರುವ ಹಿರಿಯರು, ಇನ್ನಿಬ್ಬರು ಕಟ್ಟಡ ಕೆಲಸದವರು. ಆ ಇಬ್ಬರಲ್ಲಿ ಒಬ್ಬಾತ ಬಾಗಲಕೋಟೆ ಜಿಲ್ಲೆಯ ಗೌಂಡಿ ಮೇಸ್ತ್ರಿ. ಶಿಲ್ಪಗಳ ಕೋಣೆಗೆ ಹೋದೆವು. ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯ ಗುಡಿಯಿಂದ ಬಂದ ದೊಡ್ಡ ಕಲ್ಲುಗಳಿವೆ. ಬ್ರಹ್ಮ, ವಿಷ್ಣು, ಶಿವ, ಸುತ್ತ ಪರಿವಾರ. ಸುಮಾರು 1300 ವರ್ಷಗಳ ಹಿಂದಿನ ಚಾಲುಕ್ಯರ ಕಾಲದ ಕೆಲಸ. ನಾನು ಪುಸ್ತಕದಲ್ಲಿ ಓದಿದ್ದನ್ನು ನೆನಪು ಮಾಡಿಕೊಂಡು ಏನೋ ಹೇಳಲು ಹೊರಟಿದ್ದೆ. ಮೇಸ್ತ್ರಿ ಕಲ್ಲಿನ ಮುಂದೆ ನಿಂತವನು ಕತ್ತು ವಾರೆ ಮಾಡಿ ನೋಡಿದ, ಮತ್ತೆ ನೋಡಿದ. “ಸಾಹೇಬ್ರ, ಇದು ಗ್ವಾಡೀ ಕಲ್ಲಲ್ರೀ. ಇದು ಮ್ಯಾಲಿನ ಹಾಸುಗಲ್ಲು. ಸಣ್ಣವರಿದ್ದಾಗ ನಮ್ಮ ಕಡೆ ಗುಡಿಯಾಗ ಅಂಗಾತ ಮಲಕೊಂಡು ಇಂಥಾವ್ನ ನೋಡತಿದ್ವಿ” ಎಂದ.

ಸರಿಯಾದ ಮಾತು. ಅವು ಛಾವಣಿಯ ಕಲ್ಲುಗಳೇ. ಕೆಳಗೆ ನಿಂತು ತಲೆಯೆತ್ತಿ ನೋಡಬೇಕೆಂದು ಕೆತ್ತಿದವು. ನಾನು ಅದಕ್ಕೆ ಮುಂಚೆ ಎರಡು ಸಲ ಆ ಕಲ್ಲುಗಳ ಮುಂದೆ ನಿಂತು ಬಂದಿದ್ದೇನೆ, ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ. ಹೋಟೆಲಿನ ಹುಡುಗರು ಅಷ್ಟು ಹೊತ್ತು ನನ್ನ ಮಾತಿಗೆ ಮರ್ಯಾದೆಗೆಂದು ತಲೆಯಾಡಿಸುತ್ತಿದ್ದವರು, ಈಗ ಮೇಸ್ತ್ರಿಯ ಸುತ್ತ ನೆರೆದರು. ಕಲ್ಲನ್ನು ಅಷ್ಟು ಎತ್ತರಕ್ಕೆ ಹೇಗೆ ಏರಿಸಿದರು? ಮೊದಲು ಕೆತ್ತಿ ಏರಿಸಿದರೋ, ಏರಿಸಿ ಕೆತ್ತಿದರೋ? ಮೇಸ್ತ್ರಿಗೂ ಸಂಗಡಿಗನಿಗೂ ಅಲ್ಲಿಯೇ ಚರ್ಚೆ ಹತ್ತಿತು. ವಾಚ್‌ಮನ್ ಹಿರಿಯರು, “ಸಣ್ಣ ದನಿಯಲ್ಲಿ ಮಾತಾಡಿ ಮಾರಾಯ್ರೆ” ಎಂದು ಎಚ್ಚರಿಸಬೇಕಾಯಿತು.

ವಸ್ತುಸಂಗ್ರಹಾಲಯವು ಜನಸಾಮಾನ್ಯರಿಗೆ ವಿದ್ಯೆ ಕೊಡಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಕೊಡಲಿ, ಸಂತೋಷ. ಆದರೆ ಜನಸಾಮಾನ್ಯನ ಬಳಿಯೂ ವಿದ್ಯೆಯಿದೆ, ಕಲ್ಲು ಕಟ್ಟುವವನಿಗೆ ಕಲ್ಲಿನ ಮಾತು ತಿಳಿಯುತ್ತದೆ ಎಂಬುದನ್ನು ಆ ಮಧ್ಯಾಹ್ನ ನಾನು ಕಣ್ಣಾರೆ ಕಂಡೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅದನ್ನು ಕಟ್ಟಿದ ಆಚಾರಿ ಗುಂಡನ ಹೆಸರೂ ಸರ್ವಸಿದ್ಧಿ ಆಚಾರಿಯ ಹೆಸರೂ ಶಾಸನದಲ್ಲಿವೆ. ಅರಸನು ಗುಂಡನಿಗೆ ಕೊಟ್ಟ ಬಿರುದಿನ ಸಮೇತ. ಕೆಲಸಗಾರನ ಹೆಸರನ್ನು ಕಲ್ಲಿನ ಮೇಲೆ ಬರೆಯಲು ಚಾಲುಕ್ಯ ಅರಸರು ಹಿಂಜರಿಯಲಿಲ್ಲ. ನಮ್ಮ ಕಾಲದ ಮೂವತ್ತು ಮಾಳಿಗೆಯ ಕಟ್ಟಡಗಳ ಮೇಲೆ ಬಿಲ್ಡರನ ಹೆಸರು ರಾತ್ರಿಯೂ ಹೊಳೆಯುತ್ತದೆ. ಮೇಸ್ತ್ರಿಯ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಅದೇ ಪುಣ್ಯ. ಇರಲಿ, ಇದು ಬೇರೆ ಮಾತು.

ಐಹೊಳೆಯ ಕಲ್ಲು ಮುಂಬಯಿಗೆ ಏಕೆ ಬಂತು ಎಂದು ಹುಡುಗನೊಬ್ಬ ಕೇಳಿದ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳ ಹಾಗೆ ಅದಕ್ಕೂ ಮುಂಬಯಿಯೇ ರಾಜಧಾನಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಕಲ್ಲುಗಳು ಇಲ್ಲಿಯೇ ಉಳಿದವು. ಹುಡುಗ ನಕ್ಕು, “ಅಂದರೆ ನಮ್ಮ ಹಾಗೆಯೇ ಅನ್ನಿ” ಎಂದ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಆರು ಮಂದಿಯನ್ನು ಒಂದೇ ದಿನ, ಹಗಲು ಹೊತ್ತಿನಲ್ಲಿ ಒಟ್ಟುಗೂಡಿಸಲು ನನಗೆ ಹಿಡಿದ ಕಾಲ ಎರಡು ತಿಂಗಳು. ಹೋಟೆಲಿನವನಿಗೆ ವಾರದ ರಜೆ ಒಂದು ದಿನ, ಅದೂ ಮಾಲೀಕರು ಹೇಳಿದ ದಿನ. ಕಟ್ಟಡ ಕೆಲಸದವನಿಗೆ ರಜೆಯೆಂದರೆ ಕೂಲಿ ಇಲ್ಲದ ದಿನ. ವಾಚ್‌ಮನ್ನರಿಗೆ ಹನ್ನೆರಡು ಗಂಟೆಯ ಪಾಳಿ. ವಸ್ತುಸಂಗ್ರಹಾಲಯಗಳು ಬೆಳಿಗ್ಗೆ ಹತ್ತರ ಮೇಲೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತವೆ. ದುಡಿಯುವವನ ದಿನಕ್ಕೂ ಈ ಗಡಿಯಾರಕ್ಕೂ ಮೇಳವೇ ಇಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ, ಇದಕ್ಕೆ ಪರಿಹಾರ ಕಂಡವರಿಲ್ಲವೆಂದೂ ಅಲ್ಲ. 1857ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಹೆನ್ರಿ ಕೋಲ್ ಎಂಬವರ ಮುಂದಾಳತ್ವದಲ್ಲಿ ವಸ್ತುಸಂಗ್ರಹಾಲಯ ತೆರೆದಾಗ, ಹಗಲೆಲ್ಲ ದುಡಿಯುವವರು ಸಂಜೆಯಾದರೂ ಬರಲಿ ಎಂದು ಒಳಗೆ ಗ್ಯಾಸ್ ದೀಪ ಹಾಕಿಸಿದರು. ಬಂದವರಿಗೆ ತಿಂಡಿ ತೀರ್ಥಕ್ಕೆ ಅಲ್ಲಿಯೇ ಒಂದು ಉಪಾಹಾರ ಗೃಹವನ್ನೂ ಇಟ್ಟರು. ವಿದ್ಯುತ್ತು ಇಲ್ಲದ ಕಾಲದಲ್ಲಿ ಆದ ಮಾತು ಇದು! 1899ರಲ್ಲಿ ಆ ಸಂಸ್ಥೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರು ಪಡೆಯಿತು. ಅದೇ ಗಂಡಹೆಂಡಿರ ಹೆಸರಿನಲ್ಲಿ, ಅದಕ್ಕೂ ಮೊದಲೇ 1872ರಲ್ಲಿ, ನಮ್ಮ ಬೈಕಲಾದಲ್ಲೊಂದು ವಸ್ತುಸಂಗ್ರಹಾಲಯ ತೆರೆದಿತ್ತು. ಈಗ ಅದು ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ.

ಬೈಕಲಾದ ಈ ಜಾಗ ನಮ್ಮವರಿಗೆ ಇನ್ನೂ ಹತ್ತಿರದ್ದು. ರಾಣಿ ಬಾಗಿನ ಆವರಣದಲ್ಲಿಯೇ ಇದೆ. ಸುತ್ತ ಗಿರಣಿಗಳಿದ್ದ ಪ್ರದೇಶ. ಭಾನುವಾರ ಗಿರಣಿಯವರು ಹೆಂಡತಿ ಮಕ್ಕಳ ಸಮೇತ ಬಂದು ಹುಲಿ, ಕರಡಿ ನೋಡಿ ಹೋಗುತ್ತಿದ್ದ ತಾಣ. ಡಾ. ಭಾವು ದಾಜಿ ವೈದ್ಯರು, ಹಳೆಯ ಶಾಸನಗಳನ್ನು ಓದಿದ ಪಂಡಿತರು. ಈ ಸಂಗ್ರಹಾಲಯಕ್ಕಾಗಿ ಬಹಳ ಓಡಾಡಿದವರು. ಜಗನ್ನಾಥ ಶಂಕರಶೇಠರೂ ಕೈಜೋಡಿಸಿದರು. 1975ರಲ್ಲಿ ಡಾಕ್ಟರರ ಹೆಸರು ಇಟ್ಟರು. ಶಿಥಿಲವಾಗಿದ್ದ ಕಟ್ಟಡವನ್ನು ಚೆನ್ನಾಗಿ ದುರಸ್ತಿ ಮಾಡಿ 2008ರಲ್ಲಿ ಮತ್ತೆ ತೆರೆದರು. ಒಳಗೆ ರಾಜರ ಒಡವೆಗಿಂತ ಹೆಚ್ಚಾಗಿ ಜನರ ಬದುಕಿದೆ. ನಾನಾ ಕಸುಬಿನವರ, ನಾನಾ ಜಾತಿಯವರ ಉಡಿಗೆ ತೊಡಿಗೆಯ ಮಣ್ಣಿನ ಬೊಂಬೆಗಳು, ಹಳೆಯ ಮುಂಬಯಿಯ ನಕ್ಷೆಗಳು. ಹೊರಗೆ ಘಾರಾಪುರಿಯ ಕಲ್ಲಾನೆ ನಿಂತಿದೆ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಸರಪಳಿ ಕಡಿದು ಬಿದ್ದು ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು, 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಒಡೆದದ್ದರಿಂದಲೇ ನಮಗುಳಿಯಿತು! ಪೆಂಗ್ವಿನ್ ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವ ನಮ್ಮವರು ಈ ಆನೆಯ ಪಕ್ಕದಲ್ಲೊಂದು ಗಳಿಗೆ ನಿಂತು ಅದರ ಕಥೆಯನ್ನು ಹೇಳಬಾರದೇ?

ಈ ಸಂಸ್ಥೆಗಳು ಕೈಕಟ್ಟಿ ಕೂತಿವೆ ಎಂದರೆ ಅನ್ಯಾಯದ ಮಾತಾದೀತು. ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದವರು 2015ರಲ್ಲಿ ಬಸ್ಸಿನೊಳಗೆ ಒಂದು ಪುಟ್ಟ ಸಂಗ್ರಹಾಲಯ ಕಟ್ಟಿ ಓಡಿಸತೊಡಗಿದರು. ಅದು ಶಾಲೆಗಳ ಬಾಗಿಲಿಗೆ ಹೋಗಿ ನಿಲ್ಲುತ್ತದೆ. 2019ರಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗ ತೆರೆದರು. ಇದು ಶ್ಲಾಘನೀಯ. ನಮ್ಮ ಕೋರಿಕೆ ಇಷ್ಟೇ: ಶಾಲೆಯ ಬಾಗಿಲಿಗೆ ಬರುವ ಬಸ್ಸು ಕಟ್ಟಡ ಕೆಲಸದವರ ಜೋಪಡಿಗಳ ಬಾಗಿಲಿಗೂ ಬರಲಿ. ತಿಂಗಳಿಗೆ ಒಂದು ರಾತ್ರಿಯಾದರೂ ಒಂಬತ್ತರವರೆಗೆ ದೀಪ ಉರಿಯಲಿ. ಐಹೊಳೆಯ ಕಲ್ಲುಗಳ ಬಳಿ ಕನ್ನಡದಲ್ಲೂ ನಾಲ್ಕು ಸಾಲು ಬರಹವಿರಲಿ. ಅದನ್ನು ಬರೆದುಕೊಡುವ ಪಂಡಿತರು ಮುಂಬಯಿಯಲ್ಲಿಯೇ ಇದ್ದಾರೆ, ದುಡ್ಡು ಕೇಳುವವರೂ ಅಲ್ಲ.

ಬಾಗಿಲಿನ ಮಾತು ಬಂದದ್ದರಿಂದ ಒಂದು ಕಹಿ ನೆನಪು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಸಂಗ್ರಹಾಲಯವೊಂದಕ್ಕೆ ಕೆಲಸದ ಬಟ್ಟೆಯಲ್ಲಿಯೇ ಹೋಗಿದ್ದೆ. ಟಿಕೀಟು ಕೈಯಲ್ಲಿದ್ದರೂ ಬಾಗಿಲಲ್ಲಿದ್ದವನು, “ಸಾಮಾನು ಇಳಿಸುವವರು ಹಿಂದಿನ ಬಾಗಿಲಿಗೆ ಹೋಗಿ” ಎಂದ. ಅವನೂ ನಮ್ಮ ಹಾಗೆಯೇ ಸಂಬಳಕ್ಕೆ ನಿಂತವನು, ಅವನನ್ನು ದೂರಿ ಫಲವಿಲ್ಲ. ಆದರೆ ಮತ್ತೆ ಅಂಥ ಕಡೆ ಕಾಲಿಡಲು ನನಗೆ ಆರು ವರ್ಷ ಬೇಕಾಯಿತು. ಟಿಕೀಟಿನ ದರ ಇಳಿಸುವುದಕ್ಕಿಂತ ಕಷ್ಟದ ಕೆಲಸ ಈ ಅಂಜಿಕೆಯನ್ನು ಇಳಿಸುವುದು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮಾತಾಡಲು ಹಿಂಜರಿಯುವವನಿಗೆ, “ಬನ್ನಿ, ಇದು ನಿಮ್ಮೂರಿನದು” ಎಂದು ಅವನ ಭಾಷೆಯಲ್ಲಿ ಹೇಳುವ ಒಬ್ಬ ಮನುಷ್ಯ ಬೇಕು.

ನಮ್ಮಲ್ಲೇ ಕೆಲವು ಹಿರಿಯರು ಗೊಣಗುವುದನ್ನು ಬಲ್ಲೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ? ಪ್ರಾವಿಡೆಂಟ್ ಫಂಡು ಕಟ್ಟದ ಮಾಲೀಕರ ಜೊತೆ ಜಗಳವಾಡುವುದು ಬಿಟ್ಟು ಸಂಘ ಬೊಂಬೆ ನೋಡಲು ಹೊರಟಿತೇ? ಜಗಳ ಬಿಡುವ ಮಾತೇ ಇಲ್ಲ. ಆದರೆ ಈ ಹಿರಿಯರು ತಮ್ಮ ಹರೆಯವನ್ನು ನೆನೆಯಲಿ. ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಕೋಟೆಯ ಭಾಗದ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿದವರಲ್ಲವೇ ಅವರು? ಆಗಲೂ ಯಾರೋ, “ಎಂಜಲು ಬಸಿ ಎತ್ತುವವನಿಗೆ ಓದೇಕೆ?” ಎಂದಿರಲೇಬೇಕು. ಆ ಶಾಲೆಗಳಿಂದ ಕ್ಲಾರ್ಕುಗಳು, ವಕೀಲರು, ಹೋಟೆಲ್ ಮಾಲೀಕರು ಎದ್ದುಬಂದರು. (ಕೊನೆಯವರಲ್ಲಿ ಕೆಲವರು ಈಗ ಪ್ರಾವಿಡೆಂಟ್ ಫಂಡು ಕಟ್ಟುವುದಿಲ್ಲ ಎಂಬುದು ವಿಷಾದದ ಸಂಗತಿ.) ರಾತ್ರಿಶಾಲೆ ಕೆಲಸಗಾರನ ಹೊತ್ತಿಗೆ ಬಾಗಿಲು ತೆರೆಯಿತು, ಅದಕ್ಕೇ ಅವನು ಒಳಗೆ ಹೋದ.

ಇನ್ನೊಂದು ಮಾತು. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಗಿರಣಿಯ ಜಾಗದಲ್ಲಿ ಜವಳಿ ವಸ್ತುಸಂಗ್ರಹಾಲಯ ಕಟ್ಟುವ ಮಾತು ಬಹು ವರ್ಷಗಳಿಂದ ನಡೆದಿದೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಮಗ್ಗದಿಂದ ಕೈ ಕಳೆದುಕೊಂಡವರಲ್ಲಿ ಕನ್ನಡಿಗರೂ ಇದ್ದರು. ಅಲ್ಲಿ ಯಂತ್ರಗಳನ್ನು ಎಣ್ಣೆ ಹಚ್ಚಿ ನಿಲ್ಲಿಸಿದರೆ ಸಾಲದು; ಆ ಯಂತ್ರದ ಮುಂದೆ ನಿಂತವರ ಪಾಸು, ಪಗಾರದ ಚೀಟಿ, ಖಾನಾವಳಿಯ ಲೆಕ್ಕದ ಪುಸ್ತಕ, ಊರಿಗೆ ಕಳಿಸಿದ ಮನಿಯಾರ್ಡರಿನ ರಸೀತಿ ಇವೂ ಇರಬೇಕು. ನಮ್ಮ ಹಿರಿಯರ ಟ್ರಂಕಿನ ತಳದಲ್ಲಿ ಇವು ಇನ್ನೂ ಇವೆ. ಮನೆ ಬದಲಿಸುವಾಗ ರದ್ದಿಯವನಿಗೆ ಹಾಕಬೇಡಿ. ಸಂಘದ ಕಚೇರಿಯ ಕಪಾಟಿನಲ್ಲಿ ಎರಡು ಅರೆ ಖಾಲಿ ಮಾಡಿಸಿದ್ದೇವೆ. ತಂದುಕೊಡಿ, ಯಾರದೆಂದು ಬರೆದಿಡುತ್ತೇವೆ.

ಮೇಸ್ತ್ರಿಯನ್ನು ಹೊರಡುವಾಗ ಕೇಳಿದೆ, ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಬರುತ್ತೀರಾ ಎಂದು. ಆಕೆಯೂ ಅದೇ ಕಟ್ಟಡದಲ್ಲಿ ಉಸುಕು ಹೊರುತ್ತಾಳೆ. “ಬರ್ತೇವ್ರೀ. ಆದ್ರ ಆರಕ್ಕ ಕೆಲಸ ಬಿಡತಾರ್ರೀ, ನಾವು ಕೈಕಾಲು ತೊಳಕೊಂಡು ಇಲ್ಲಿ ಮುಟ್ಟೂದ್ರಾಗ ಬಾಗಲಾ ಹಾಕಿರತಾರ” ಎಂದ.

ಸಂಜೆ ಹೊತ್ತು ಬಾಗಿಲು ತೆರೆದಿಡಬೇಕೆಂದು ಎರಡೂ ಸಂಸ್ಥೆಗಳಿಗೆ ಬರೆದ ವಿನಂತಿ ಪತ್ರ ಸಂಘದ ಕಚೇರಿಯಲ್ಲಿ ಮೇಜಿನ ಮೇಲಿದೆ. ಸದಸ್ಯ ಬಾಂಧವರು ಬಂದು ಸಹಿ ಮಾಡಬೇಕು. ಓದಲು ಬಾರದವರಿಗೆ ನಮ್ಮ ಕಾರ್ಯದರ್ಶಿಗಳು ಓದಿ ಹೇಳುತ್ತಾರೆ. ಮೊದಲನೆಯ ಸಹಿ ಮೇಸ್ತ್ರಿಯದು.