ಬೆಳಕನ್ನು ಕೂಡಿಡುವ ಬಗೆ

ಮನೆಯಲ್ಲಿ ಮಕ್ಕಳು ದೂರದರ್ಶಕ ಯಂತ್ರವನ್ನು ಬೇಡುವುದು ಈಗ ಅಪೂರ್ವವಲ್ಲ. ತಂದೆಯು ಮನಸ್ಸು ಮಾಡಿ, ಹಣ ತೆತ್ತು ತರುವನು. ಅಮಾವಾಸ್ಯೆಯ ರಾತ್ರಿ ಮನೆಮಂದಿಯೆಲ್ಲ ಅಂಗಳದಲ್ಲಿ ನೆರೆಯುವರು. ಆದರೆ ಪುಸ್ತಕದಲ್ಲಿ ಸುರುಳಿಸುರುಳಿಯಾಗಿ ಹೊಳೆದ ಆಂಡ್ರೊಮೆಡ ಗ್ಯಾಲಕ್ಸಿಯು, ಕೋಟ್ಯನುಕೋಟಿ ನಕ್ಷತ್ರಗಳ ಆ ಸಮೂಹವು, ಯಂತ್ರದೊಳಗೆ ಬೂದುಬಣ್ಣದ ಮಂಜಿನ ತುಣುಕಾಗಿ ತೋರುವುದು. ಮೋಸಹೋದೆವೆಂದು ಬಗೆದು ಯಂತ್ರವನ್ನು ಅಟ್ಟಕ್ಕೇರಿಸುವವರು ಹಲವರು. ಅವರು ಅವಸರಪಡಬಾರದೆಂದು ನಾವು ಹೇಳುವೆವು.

ದೋಷವು ಯಂತ್ರದ್ದಲ್ಲ. ನಮ್ಮ ಕಣ್ಣು ಬಂದ ಬೆಳಕನ್ನು ಆಗಿಂದಾಗಲೇ ವೆಚ್ಚ ಮಾಡಿಬಿಡುವುದು. ಕ್ಯಾಮೆರಾ ಅದನ್ನು ಕೂಡಿಡಬಲ್ಲುದು. 1888ರಲ್ಲಿ ಇಂಗ್ಲೆಂಡಿನಲ್ಲಿ ಐಸಾಕ್ ರಾಬರ್ಟ್ಸ್ ಎಂಬವರು, ಕಟ್ಟಡ ಕಟ್ಟಿಸುವ ವೃತ್ತಿಯವರು, 20 ಅಂಗುಲದ ದೂರದರ್ಶಕಕ್ಕೆ ಗಾಜಿನ ಫಲಕವನ್ನಿಟ್ಟು ಬಹು ಹೊತ್ತು ಬೆಳಕನ್ನು ಹಿಡಿದರು. ಆಂಡ್ರೊಮೆಡದ ಸುರುಳಿಯು ಆಗ ಬೆಳಕಿಗೆ ಬಂದಿತು. ಸೂರ್ಯಮಂಡಲವೊಂದು ಹುಟ್ಟುತ್ತಿರುವುದೆಂದು ಅವರು ಭಾವಿಸಿದರು. 1923ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ಎಡ್ವಿನ್ ಹಬಲ್ ತೆಗೆದ ಛಾಯಾಚಿತ್ರಗಳಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದು ಸಿಕ್ಕಿತು. ಅದರ ಆಧಾರದಿಂದ, ಅದು ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೊಂದು ಗ್ಯಾಲಕ್ಸಿಯೆಂಬುದು ಸಿದ್ಧವಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಇನ್ನು ಗೃಹಸ್ಥರು ಹಣವನ್ನು ಎಲ್ಲಿ ಹಾಕಬೇಕು? ದೊಡ್ಡ ಕೊಳವೆಗಲ್ಲ, ಅದನ್ನು ಹೊರುವ ಪೀಠಕ್ಕೆ. ಭೂಮಿಯು ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿಯಂತೆ ಸರಿಯುವುದು. ನಿಂತ ಕ್ಯಾಮೆರಾದಲ್ಲಿ ನಕ್ಷತ್ರಗಳು ಗೆರೆಗಳಾಗುವುವು. ಆದಕಾರಣ ಆಕಾಶದೊಡನೆ ತಿರುಗುವ, ಮೋಟಾರುಳ್ಳ ಪೀಠವು ಅವಶ್ಯಕ. ಅದರ ಅಕ್ಷವನ್ನು ಧ್ರುವನಕ್ಷತ್ರದ ಬಳಿಯಿರುವ ಆಕಾಶಧ್ರುವದ ಕಡೆಗೆ ನೇರವಾಗಿ ನಿಲ್ಲಿಸಬೇಕು. ಕನ್ನಡನಾಡಿನಲ್ಲಿ ಧ್ರುವನು ದಿಗಂತದಿಂದ ಸುಮಾರು 12ರಿಂದ 18 ಡಿಗ್ರಿಯಷ್ಟೇ ಮೇಲಿರುವುದರಿಂದ, ಉತ್ತರ ದಿಕ್ಕು ತೆರೆದಿರುವ ಸ್ಥಳವನ್ನು ಆರಿಸಿಕೊಳ್ಳಬೇಕು. ಆಂಡ್ರೊಮೆಡವು ಹುಣ್ಣಿಮೆಯ ಚಂದ್ರನ ಆರರಷ್ಟು ಉದ್ದವಾಗಿ ಹರಡಿರುವುದು. ಸುಮಾರು 400 ಮಿಲಿಮೀಟರು ನಾಭಿದೂರದ ಸಣ್ಣ ದೂರದರ್ಶಕವೇ ಅದಕ್ಕೆ ತಕ್ಕುದು. ಮಸೂರವನ್ನು ಕಳಚಬಹುದಾದ ಸಾಧಾರಣ ಕ್ಯಾಮೆರಾ ಸಾಕು.

ನವೆಂಬರ್ ನಡುವೆ ರಾತ್ರಿ 9ರ ಸುಮಾರಿಗೆ ಅದು ಉತ್ತರದಲ್ಲಿ ಎತ್ತರವಾಗಿ ನಿಲ್ಲುವುದು. ಚಂದ್ರನಿಲ್ಲದ ರಾತ್ರಿಯಲ್ಲಿ, ಊರ ದೀಪಗಳಿಂದ ದೂರವಿರುವ ಹೊಲದ ಬದುವಿಗೆ ಹೋಗಿರಿ. ಮೊದಲು ಉಜ್ವಲವಾದ ನಕ್ಷತ್ರವೊಂದು ಕ್ಯಾಮೆರಾದ ಪರದೆಯಲ್ಲಿ ಅತಿ ಸಣ್ಣ ಚುಕ್ಕೆಯಾಗುವಂತೆ ಹೊಂದಿಸಿರಿ. ಬಳಿಕ ಒಂದೊಂದು ನಿಮಿಷದ 100 ಚಿತ್ರಗಳನ್ನು ತೆಗೆಯಿರಿ. ಕೊನೆಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಕೆಲವು ಕತ್ತಲೆಯ ಚಿತ್ರಗಳನ್ನೂ ತೆಗೆಯಬೇಕು. ಕ್ಯಾಮೆರಾದ ಸ್ವಂತ ಕಲೆಗಳನ್ನು ಕಳೆಯಲು ಅವು ಬೇಕಾಗುವುವು. ಇವೆಲ್ಲವನ್ನೂ ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ, ಚಿತ್ರವನ್ನು ಮಸಕು ಮಾಡುವ ಕಾಳುಕಾಳಾದ ಗದ್ದಲವು ಹತ್ತರಲ್ಲೊಂದು ಪಾಲಿಗೆ ಇಳಿಯುವುದು. ಅಡಗಿದ್ದ ಸುರುಳಿಯು ಮೇಲೇಳುವುದು. ಹನಿಗೂಡಿದರೆ ಹಳ್ಳವೆಂಬುದು ಆಕಾಶದ ಬೆಳಕಿಗೂ ಸಲ್ಲುವ ಮಾತು.

ಮೊದಲ ರಾತ್ರಿ ಪೀಠವು ತಪ್ಪಬಹುದು, ಎರಡನೆಯ ರಾತ್ರಿ ಇಬ್ಬನಿಯು ಗಾಜನ್ನು ಮುಸುಕಬಹುದು. ಪುಸ್ತಕದ ಚಿತ್ರಕ್ಕೆ ನಿಮ್ಮದು ಸರಿದೂಗಲಾರದು. ಆದರೂ ಮನುಷ್ಯನು ಈ ನೆಲದ ಮೇಲೆ ಹುಟ್ಟುವ ಮುನ್ನವೇ ಹೊರಟ ಬೆಳಕನ್ನು ತನ್ನ ಕೈಯಿಂದ ಹಿಡಿದ ಮಗುವಿಗೆ, ಆ ಮಸುಕು ಚಿತ್ರವೇ ಮಿಗಿಲಾದುದು. ಅಟ್ಟಕ್ಕೇರಿದ ಯಂತ್ರಗಳನ್ನು ಈ ಕಾರ್ತಿಕದಲ್ಲಿ ಕೆಳಗಿಳಿಸಬೇಕೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ.